ಮಂಗಟ್ಟೆಯ ಬಾಣಂತನ

ಬಾಯಿ ಮುಚ್ಚಿಕೊಂಡು ಕೇಳೋದಾದ್ರೆ ಹೇಳ್ತೀನಿ. ಎಷ್ಟೋ ಕಾಲದ ಹಿಂದೆ ಹಾಲುಗಲ್ಲು ಬೆಟ್ಟದ ಮಗ್ಗುಲಲ್ಲಿ ಒಂದು ಹಾಡಿ ಇತ್ತಂತೆ. ಆ ಹಾಡಿಯಲ್ಲಿ ಜೋಗಕ್ಕ ಅಂತ ಒಬ್ಬಳು ಸೂಲಗಿತ್ತಿ ಇದ್ದಳಂತೆ. ಅವಳ ಕೈಯಲ್ಲಿ ಹುಟ್ಟದ ಮಗು ಅಲ್ಲಿರಲಿಲ್ಲವಂತೆ, ಅವಳ ಬಾಯಲ್ಲಿ ಬೈಸಿಕೊಳ್ಳದ ಗಂಡಸೂ ಇರಲಿಲ್ಲವಂತೆ. ಸುಮ್ಮಸುಮ್ಮನೆ ಬೈತಿದ್ದಳೇ? ಅವಳು ಹೇಳೋದು ಒಂದು, ಇವರು ಮಾಡೋದು ಇನ್ನೊಂದು. ಥೇಟ್ ನಿಮ್ಮ ಹಾಗೇ.

ಆ ಬೆಟ್ಟ ಮಂಗಟ್ಟೆ ಹಕ್ಕಿಗಳ ತವರು. ಬಾಳೆಕಾಯಿಯಷ್ಟು ಕೊಕ್ಕು ಅದಕ್ಕೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆ ಹೊಕ್ಕು, ಒಳಗಿನಿಂದಲೇ ಬಾಗಿಲಿಗೆ ಹಿಕ್ಕೆ, ಮಣ್ಣು ಮೆತ್ತಿ ಮುಚ್ಚಿಕೊಂಡು ಕೂತುಬಿಡುತ್ತದೆ. ಒಂದು ಸಣ್ಣ ಸಂದು ಬಿಟ್ಟಿರುತ್ತದೆ, ಅಷ್ಟೆ. ಗಂಡು ಹಣ್ಣು ತಂದು ಅದರಲ್ಲಿ ಕೊಟ್ಟರೆ ಉಂಟು, ಇಲ್ಲದಿದ್ದರೆ ತಾಯಿ ಮರಿ ಎರಡೂ ಒಳಗೇ ಒಣಗಬೇಕು. ಅವು ಬಾಣಂತನಕ್ಕೆ ಕೂತಿವೆ, ಬಿಲ್ಲು ಹಿಡಿದು ಆ ಕಡೆ ಹೋಗಬೇಡಿ ಅಂತ ಜೋಗಕ್ಕ ವರ್ಷವರ್ಷವೂ ಹೇಳುತ್ತಿದ್ದಳಂತೆ. ಎಲ್ಲರೂ ಚೆನ್ನಾಗಿ ತಲೆಯಾಡಿಸುತ್ತಿದ್ದರಂತೆ.

ಮಾಸ್ತಯ್ಯ ಅನ್ನೋನಿಗೆ ಮಂಡಿನೋವು. ಮಂಗಟ್ಟೆಯ ಕೊಬ್ಬು ತಿಕ್ಕಿದರೆ ವಾಸಿಯಾಗುತ್ತೆ ಅಂತ ಯಾರೋ ಕಿವಿಯೂದಿದರಂತೆ. ಜೋಗಕ್ಕ ಕಾಸಿಕೊಟ್ಟ ಸೊಪ್ಪಿನೆಣ್ಣೆ ಮೂಲೆಯಲ್ಲಿ ಬಿದ್ದಿತ್ತು. ಈ ಪುಣ್ಯಾತ್ಮ ಹೋಗಿ, ಹಣ್ಣು ಕಚ್ಚಿಕೊಂಡು ಬರುತ್ತಿದ್ದ ಗಂಡನ್ನೇ ಹೊಡೆದು ಕೆಡವಿದ.

ಜೋಗಕ್ಕನಿಗೆ ಮೊದಲು ಅಳು ಬಂತಂತೆ, ಆಮೇಲೆ ಸಿಟ್ಟು. ಇವರಿಗೆ ಹೇಳಿ ಹೇಳಿ ನಾಲಿಗೆ ಸವೆಸಿಕೊಂಡೆನಲ್ಲ ಅಂತ ತನ್ನನ್ನೇ ಬೈದುಕೊಂಡಳಂತೆ. ಮಾಸ್ತಯ್ಯ, ಪೊಟರೆ ಒಡೆದು ಬಿಟ್ಟುಬಿಡೋಣ, ಹಾರಿಹೋಗುತ್ತೆ ಅಂದನಂತೆ. ಒಳಗೆ ಕೂತ ಹೆಣ್ಣು ರೆಕ್ಕೆಗರಿ ಉದುರಿಸಿಕೊಂಡಿರುತ್ತೆ, ಹಾರೋದು ಎಲ್ಲಿಂದ? ಅಷ್ಟೂ ಗೊತ್ತಿಲ್ಲ ಮಹರಾಯನಿಗೆ. ಜೋಗಕ್ಕ ಅವನ ಬಾಗಿಲಲ್ಲೇ ನಿಂತು ಅಂದಳಂತೆ:

"ಇನ್ನು ಆ ಬಾಣಂತಿಗೆ ಉಣ್ಣಿಸೋದು ನಿನ್ನ ಪಾಲು. ಮಂಡಿ ನೋವಾದ್ರೆ ತೆವಳ್ಕೊಂಡು ಹತ್ತು."

ಅವನು ಹತ್ತುತ್ತಿರಲಿಲ್ಲ ಬಿಡಿ. ಆದರೆ ಒಳಗೆ ಮಗಳಿದ್ದಳು, ತುಂಬು ಬಸುರಿ, ಹೆರಿಗೆಗೆ ಬಂದವಳು. ಅವಳು ಗಂಜಿಯ ಬಟ್ಟಲು ಪಕ್ಕಕ್ಕೆ ತಳ್ಳಿ, ಅದು ಉಂಡಮೇಲೆ ನಾನು ಉಣ್ತೀನಿ ಅಂದಳಂತೆ.

ಹತ್ತಿದ. ಬಳ್ಳಿ ಕಟ್ಟಿಕೊಂಡು, ಮಡಿಲಲ್ಲಿ ಅತ್ತಿಹಣ್ಣು ತುಂಬಿಕೊಂಡು, ಅಯ್ಯೋ ಅಮ್ಮಾ ಅಂತ ದಿನಾ ಹತ್ತಿದನಂತೆ. ಹಕ್ಕಿ ಮೊದಲು ಬೆರಳು ಕುಕ್ಕಿತಂತೆ, ಆಮೇಲೆ ಹಣ್ಣು ತಗೊಂಡಿತಂತೆ. ಕೆಳಗೆ ನಿಂತು ಜೋಗಕ್ಕ, ದೋರೆಕಾಯಿ ಕೊಡಬೇಡ, ಕಳಿತದ್ದು ಕೊಡು ಅಂತ ಬೈತಾನೇ ಇರುತ್ತಿದ್ದಳಂತೆ. ಮಗಳಿಗೆ ಹೆರಿಗೆಯಾದ ದಿನವೂ ಮೊಮ್ಮಗುವಿನ ಮುಖ ನೋಡೋಕೆ ಮೊದಲು ಮರ ಹತ್ತಿಬಂದನಂತೆ.

ಮಳೆ ಹಿಡಿಯುವ ಹೊತ್ತಿಗೆ ಬಾಗಿಲು ಒಡೆಯಿತು. ಹೊಸ ರೆಕ್ಕೆಗರಿ ಬಂದಿದ್ದ ತಾಯಿ ಹಾರಿತು, ಹಿಂದೆಯೇ ಮರಿ. ಇಷ್ಟು ಮಾಡಿದರೂ ಒಂದು ಸಲ ತಿರುಗಿ ನೋಡಲಿಲ್ಲವಲ್ಲ ಅಂತ ಮಾಸ್ತಯ್ಯ ಮರದ ಮೇಲೇ ಕೂತು ಗೋಳಾಡಿದನಂತೆ.

"ನನ್ನನ್ನ ಯಾವ ಬಾಣಂತಿ ತಿರುಗಿ ನೋಡಿದ್ದಾಳೆ?" ಅಂದಳಂತೆ ಜೋಗಕ್ಕ. "ಇಳಿ ಕೆಳಗೆ."

ಈಗಲೂ ಹೆಣ್ಣು ಮಂಗಟ್ಟೆ ಒಳಗೆ ಕೂತ ಕಾಲದಲ್ಲಿ ಆ ಬೆಟ್ಟಕ್ಕೆ ಯಾರೂ ಬಿಲ್ಲು ಒಯ್ಯೋದಿಲ್ಲ. ಮನೆಯಲ್ಲಿ ಮಗು ಹುಟ್ಟಿದರೆ ತಂದೆಯಾದವನು ಒಂದು ಬೊಗಸೆ ಅತ್ತಿಹಣ್ಣು ಆ ಮರದ ಬುಡಕ್ಕಿಟ್ಟು ಬಂದೇ ಉಣ್ಣಬೇಕು. ಇನ್ನು ಹೆಂಡತಿ ಬಾಣಂತಿಯಾಗಿರುವಾಗ ಜಗುಲಿಯಲ್ಲಿ ಕಾಲು ಚಾಚಿ ಕೂತವನನ್ನು ಹಾಡಿಯ ಹೆಂಗಸರು ಬೈಯೋದೂ ಇಲ್ಲ. ಮಂಡಿ ನೋವೇನಪ್ಪಾ ಅಂತ ಕೇಳ್ತಾರೆ, ಅಷ್ಟೆ. ಎದ್ದುಬಿಡುತ್ತಾನೆ.