ಕಪಿಲೆಯ ಹಾಡು

ಹೊಳೆಯಂಚಿಗೆ ಒಂದು ಮಠ. ಹೊಳೆ ಇದ್ದರೂ ಬೇಸಿಗೆಯಲ್ಲಿ ಅದರಿಂದ ಉಪಯೋಗವಿಲ್ಲ, ಬರೀ ಮರಳು. ಆಗ ಮಠದ ತೋಟಕ್ಕೆ ಬಾವಿಯೇ ಗತಿ, ಬಾವಿಗೆ ಕಪಿಲೆಯೇ ಗತಿ.

ಕಪಿಲೆಯೆಂದರೆ ಹೆಚ್ಚೇನಿಲ್ಲ. ಜೋಡೆತ್ತು ಇಳಿಜಾರಿನಲ್ಲಿ ಮುಂದಕ್ಕೆ ನಡೆದರೆ ಹಗ್ಗ ಬಿಗಿದು, ಬಾವಿಯೊಳಗಿನ ತೊಗಲ ಚೀಲ ಮೇಲೆ ಬಂದು ತೊಟ್ಟಿಗೆ ನೀರು ಸುರಿಯುತ್ತದೆ. ಎತ್ತು ಹಿಂದಕ್ಕೆ ಸರಿದು ಏರಿದರೆ ಹಗ್ಗ ಸಡಿಲವಾಗಿ ಚೀಲ ಮತ್ತೆ ಬಾವಿಗಿಳಿಯುತ್ತದೆ.

ಬಹಳ ಕಾಲ ಅದನ್ನು ಹೊಡೆದವರು ಸಿದ್ದಮಲ್ಲಯ್ಯ ಎಂಬ ಹಿರಿಯರು. ಎತ್ತು ಹಿಂದೆ ಸರಿಯುವಾಗ ಅವರು ಒಂದು ಹಾಡು ಹೇಳುತ್ತಿದ್ದರು. ಅವರ ಕಣ್ಣು ಮಂಜಾದ ಮೇಲೆ ಗುರುಗಳು ತೋಟವನ್ನೂ ಕಪಿಲೆಯನ್ನೂ ಶಾಂತವೀರನೆಂಬ ಶಿಷ್ಯನಿಗೆ ಒಪ್ಪಿಸಿದರು.

ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ತತ್ವಾರ. ಹೆಸರಿನಲ್ಲಿದ್ದ ಶಾಂತಿ ಅವತ್ತಿನಿಂದ ಶಾಂತವೀರನ ಹತ್ತಿರ ಸುಳಿಯಲಿಲ್ಲ.

ಅವನು ಕೆಲಸಗಳ್ಳನಲ್ಲ. ಬಂದ ತೊಂದರೆಯೇ ಅದು. ದಾಸೋಹದ ತರಕಾರಿಯೆಲ್ಲ ತನ್ನ ಕೈಯಲ್ಲಿದೆ, ಒಂದು ಗಿಡ ಬಾಡಿದರೂ ಗುರುಗಳು ಇಟ್ಟ ನಂಬಿಕೆಗೆ ಕುಂದು ಎಂಬ ಭಯ ಅವನ ಎದೆಯಲ್ಲಿ ಕೂತುಬಿಟ್ಟಿತ್ತು.

ಮೊದಲು ಹಾಡು ನಿಲ್ಲಿಸಿದ. ಕೆಲಸದ ಹೊತ್ತಿನಲ್ಲಿ ಹಾಡೇನು ಅಂದ. ಎತ್ತು ಮೇಲೆ ಬಂದು ನಿಂತದ್ದೇ ತಡ, ಬಾರುಕೋಲು ಎತ್ತಿದ. ಆಮೇಲೆ ಪಂಕ್ತಿಯಲ್ಲಿ ಊಟಕ್ಕೆ ಕೂರುವುದನ್ನು ಬಿಟ್ಟ. ಮುದ್ದೆಯನ್ನು ನಿಂತಲ್ಲೇ ನುಂಗಿ ಬಾವಿಗೆ ಓಡಿದ. ಕೆಲವು ದಿನ ಅದೂ ಇಲ್ಲ.

ಇಷ್ಟು ಮಾಡಿದರೂ ತೋಟದ ಕೊನೆಯ ಬದನೆ ಪಾತಿಗೆ ನೀರು ಮುಟ್ಟಲಿಲ್ಲ. ಎತ್ತಿನ ಹೆಗಲು ತರಚಿತು. ಒಂದು ದಿನ, ಹಾಡೊಂದನ್ನು ಬಿಡಬೇಡಪ್ಪ ಎಂದು ಹೇಳಬಂದ ಸಿದ್ದಮಲ್ಲಯ್ಯನವರ ಮೇಲೇ ಶಾಂತವೀರ ರೇಗಿಬಿಟ್ಟ. ಆ ಹಿರಿಯರು ಕೋಲೂರಿಕೊಂಡು ಹಿಂದಿರುಗಿದರು. ಅವರು ತಡವರಿಸುತ್ತ ಹೋಗುವುದನ್ನು ನೋಡಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಸಂಜೆ ಗುರುಗಳ ಮುಂದೆ ನಿಂತ.

"ಬುದ್ಧಿ, ನನ್ನ ಕೈಲಿ ಆಗೋದಿಲ್ಲ. ನನ್ನನ್ನು ಊರಿಗೆ ಕಳಿಸಿಬಿಡಿ."

ಮಠ ಬಿಟ್ಟು ಬದುಕುವ ಆಸೆ ಅವನಿಗೆ ಎಂದೂ ಇರಲಿಲ್ಲ. ತಾನಾಡಿದ ಮಾತಿಗೆ ತನಗೇ ಅಳು ಬಂತು.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು.

"ಹೋಗುವೆಯಂತೆ. ನಾಳೆ ಒಂದು ಹೊತ್ತು ಕಪಿಲೆ ನಾನು ಹೊಡೀತೀನಿ. ನೀನು ಕೊನೇ ಪಾತಿ ಹತ್ತಿರ ಕೂತಿರು. ನೀರು ಬಂದರೆ ಬಂದು ಹೇಳು."

ಮರುದಿನ ಬೆಳಿಗ್ಗೆ ಗುರುಗಳು ಎತ್ತಿನ ಹೆಗಲಿಗೆ ಎಣ್ಣೆ ಅರಿಸಿನ ಹಚ್ಚಿ, ನೊಗಕ್ಕೆ ತಮ್ಮ ಹಳೆಯ ಕಾವಿ ಬಟ್ಟೆ ಸುತ್ತಿದರು. ಶಾಂತವೀರ ಬಾಡಿದ ಬದನೆ ಗಿಡಗಳ ನಡುವೆ ಕೂತ. ದುಡಿಯುವುದಕ್ಕಿಂತ ಸುಮ್ಮನೆ ಕೂರುವುದೇ ಅವನಿಗೆ ಕಷ್ಟವಾಯಿತು.

ಬಾವಿಯ ಕಡೆಯಿಂದ ಹಾಡು ಕೇಳಿಸಿತು.

"ಹಿಂದಕೆ ಬಾರೋ ಬಸವಣ್ಣ, ಹಿಂದಕೆ ಬಂದರೆ ತಂಪಣ್ಣ..."

ಗುರುಗಳ ಕಂಠ ಪ್ರವಚನಕ್ಕೆ ಸೈ, ಹಾಡಿಗಲ್ಲ. ಸಾಲುಸಾಲಿಗೂ ಶ್ರುತಿ ತಪ್ಪುತ್ತಿತ್ತು. ಅದಾದರೂ ಬೇಗ ಮುಗಿಯಿತೇ ಎಂದರೆ ಅದೂ ಇಲ್ಲ. ಶಾಂತವೀರ ತಡೆಯಲಾರದೆ ಎದ್ದು, ಹೀಗೆ ಹೊಡೆದರೆ ಹೊತ್ತು ಮುಳುಗಿದರೂ ಅರ್ಧ ತೋಟ ನೆನೆಯದು ಎಂದು ಕೂಗಿ ಹೇಳಿದ. ಗುರುಗಳು ಕೈಸನ್ನೆಯಲ್ಲೇ ಅವನನ್ನು ಕೂರಿಸಿದರು. ಹಾಡು ನಿಲ್ಲಿಸಲಿಲ್ಲ.

ಬಿಸಿಲು ನೆತ್ತಿಗೇರುವ ಮುಂಚೆ ಅವನ ಅಂಗಾಲಿಗೆ ತಣ್ಣಗೆ ಏನೋ ತಾಗಿತು.

ನೀರು. ಕಾಲುವೆಯ ಧೂಳನ್ನು ತಳ್ಳಿಕೊಂಡು ಬಂದು ಬದನೆಯ ಬುಡದಲ್ಲಿ ನಿಂತಿತ್ತು.

ಅವನು ಬಾವಿಗೆ ಓಡಿದ.

"ಬಂತು, ಬುದ್ಧಿ. ನಾನು ಎಳೆಸಿದಷ್ಟು ಸಲ ನೀವು ಎಳೆಸಲಿಲ್ಲ. ಹೇಗೆ ಬಂತು?"

"ಬಗ್ಗಿ ನೋಡು."

ಎತ್ತುಗಳು ಹಿಂದೆ ಸರಿದು ನಿಂತಿದ್ದವು. ಚೀಲ ನೀರಿನ ಮೇಲೆ ಮಗ್ಗುಲಾಗಿ ಮಲಗಿತ್ತು. ಗುರುಗಳು ಹಾಡಿನ ಉಳಿದ ಸಾಲು ಹೇಳತೊಡಗಿದರು. ಚೀಲ ಗುಟುಕು ಗುಟುಕಾಗಿ ನೀರು ಕುಡಿಯಿತು, ವಾಲಿತು, ಕೊನೆಯ ಸಾಲಿಗೆ ಸರಿಯಾಗಿ ಮುಳುಗಿತು. ಹಾಡು ಮುಗಿದದ್ದು ಕೇಳಿ ಎತ್ತುಗಳು ತಾವಾಗಿಯೇ ಹೆಜ್ಜೆ ಕಿತ್ತವು. ಬಾರುಕೋಲು ಗೋಡೆಗೆ ಒರಗಿಸಿದಲ್ಲೇ ಇತ್ತು. ಚೀಲ ತುಳುಕುತ್ತ ಮೇಲೆ ಬಂತು.

ಬಾವಿಕಟ್ಟೆ ಹಿಡಿದು ಬಗ್ಗಿದ್ದ ಶಾಂತವೀರ ಮೇಲಕ್ಕೆದ್ದ.

"ಇಷ್ಟು ದಿನವೂ ಅರೆ ಚೀಲವನ್ನೇ ಎಳೆಸಿದೆ," ಅಂದ.

ಊರಿಗೆ ಯಾವಾಗ ಹೊರಡುತ್ತೀ ಎಂದು ಗುರುಗಳು ಕೇಳಿದರು.

"ಹಾಡು ನನಗೆ ಪೂರ್ತಿ ಬರೋದಿಲ್ಲ, ಬುದ್ಧಿ. ಮೊದಲು ಅದನ್ನು ಕಲೀತೀನಿ."

ಅವನು ಸಿದ್ದಮಲ್ಲಯ್ಯನವರಿದ್ದ ಬೇವಿನ ನೆರಳಿಗೆ ಹೋಗಿ ಕಾಲಿಗೆ ಬಿದ್ದ. ಹಿರಿಯರು ತಡವರಿಸಿ ಅವನ ತಲೆ ಹುಡುಕಿ ಕೈಯಿಟ್ಟರು. ಗುರುಗಳು ಹಾಡನ್ನು ಕೆಡಿಸಿಟ್ಟಿದ್ದಾರೆ, ನೀನಾದರೂ ಸರಿಯಾಗಿ ಕಲಿ ಎಂದು ನಕ್ಕರು. ಶಾಂತವೀರನೂ ನಕ್ಕ. ತಾನು ನಗುತ್ತಿದ್ದೇನೆಂದು ಅವನಿಗೇ ಆಮೇಲೆ ತಿಳಿಯಿತು.

ಕಲಿತಷ್ಟನ್ನು ಬಾಯಲ್ಲಿಟ್ಟುಕೊಂಡು ಬಂದು ಕಪಿಲೆ ಹಿಡಿದ. ದನಿ ಮೊದಲು ಒಡೆಯಿತು, ಆಮೇಲೆ ಕೂಡಿಕೊಂಡಿತು. ಎತ್ತುಗಳು ಕಿವಿ ತಿರುಗಿಸಿ ಕೇಳಿದವು.

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಶಾಂತವೀರನ ಕೈ ಹಳೆಯ ಚಾಳಿಯಂತೆ ಬಾರುಕೋಲಿಗೆ ಹೋಯಿತು. ನೀವು ಊಟಕ್ಕೆ ನಡೆಯಿರಿ ಬುದ್ಧಿ, ಇನ್ನೊಂದಿಷ್ಟು ಎಳೆಸಿ ಬರುತ್ತೇನೆ ಅಂದ.

ಗುರುಗಳು ಬಾರುಕೋಲನ್ನು ಅವನ ಕೈಯಿಂದ ಬಿಡಿಸಿಕೊಂಡು, ಎತ್ತುಗಳ ಕತ್ತಿನ ಹಗ್ಗ ಕಳಚಿದರು.

"ಹಗ್ಗ ಸಡಿಲವಾಗಿದೆಯಪ್ಪ, ಇದು ಚೀಲ ತುಂಬೋ ಹೊತ್ತು. ಹೋಗಿ ಕೂತು ಉಂಡು ಬಾ."