ಹನ್ನೊಂದು ಪಾಯಿಂಟಿನ ಆಟಗಾರ

ಕಬಡ್ಡಿ ಫೈನಲ್ ಮುಗಿದಿತ್ತು. ಸಂಘದ ಅಧ್ಯಕ್ಷ ನಾಗಭೂಷಣಪ್ಪನವರು ಸ್ಕೋರು ಬರೆಯುವ ಗುಮಾಸ್ತನ ಹತ್ತಿರ ಬಂದರು. "ಉತ್ತಮ ಆಟಗಾರ ನಮ್ಮ ಪ್ರತೀಕ. ಕಾರಣ ನೀನೇ ಹುಡುಕಿ ಮೈಕಿನಲ್ಲಿ ಹೇಳು."

ಅವರ ಮಗ ಪ್ರತೀಕ ಸೋತ ತಂಡದವನು. ಹನ್ನೊಂದು ಸಲ ರೈಡಿಗೆ ಹೋಗಿ ಹನ್ನೊಂದು ಸಲವೂ ಸಿಕ್ಕಿಬಿದ್ದಿದ್ದ. ಸಿಕ್ಕಿಬಿದ್ದಾಗಲೆಲ್ಲ ಎದುರಾಳಿಗೆ ಒಂದು ಪಾಯಿಂಟು. ಗೆದ್ದ ತಂಡದ ಯಮನೂರ ಮಾತ್ರ ಮೊಣಕಾಲು ಜಜ್ಜಿಕೊಂಡರೂ ಕೊನೆವರೆಗೆ ಆಡಿದ್ದ. ಅವನ ಮುಖ ನೋಡಲಾರದೆ ಗುಮಾಸ್ತ ಮೈಕು ಹಿಡಿದ.

"ಗೆದ್ದ ತಂಡಕ್ಕೆ ಒಬ್ಬರೇ ಹನ್ನೊಂದು ಪಾಯಿಂಟು ಕೊಡಿಸಿದ ಪ್ರತೀಕ್ ಅವರೇ ಉತ್ತಮ ಆಟಗಾರರು."

ಮೈದಾನವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಯಮನೂರ ಮಾತ್ರ ನಗದೆ, ಕುಂಟುತ್ತ ಬಸ್‌ಸ್ಟ್ಯಾಂಡಿನ ಕಡೆ ಹೊರಟ. ಕೆಲಸ ಹೋಯಿತೆಂದು ಗುಮಾಸ್ತ ಕಣ್ಣು ಮುಚ್ಚಿದ.

ಅಧ್ಯಕ್ಷರು ಬೆನ್ನು ತಟ್ಟಿದರು. "ನೋಡಿದೆಯಾ, ಜನಕ್ಕೂ ಎಷ್ಟು ಸಂತೋಷ. ಮುಂದಿನ ವರ್ಷವೂ ನೀನೇ ಬರೀಬೇಕು."