ದೊಡ್ಡದಕ್ಕ ಹಚ್ಚೋ ಚೀಟಿ

ಸರದು ಕುಂದರ್ರಿ, ಹೇಳ್ತೀನಿ. ಅಂಗಿ ಹೊಲಿಯೋ ಹುಲಿಗೆವ್ವಗ ಒಬ್ಬನೇ ಮಗ, ಗುದ್ನೆಪ್ಪ. ಮೀಸಿ ಬಂದಿತ್ತು, ಬುದ್ಧಿ ಇನ್ನಾ ದಾರ್‍ಯಾಗ ಇತ್ತು. ಆದ್ರ ಕೈಹೊಲಿಗಿ ಮಾತ್ರ ಮುತ್ತು ಪೋಣಿಸಿದಂಗ! 'ನಾ ಸತ್ತಮ್ಯಾಗ ಇವಗ ಯಾರು ಗತಿ? ಒಂದು ಹೆಣ್ಣು ಸಿಕ್ಕರ ಸಾಕು' ಅಂತ ಅವ್ವಗ ಅದೊಂದ ಚಿಂತಿ.

ಒಂದಿನ ಕಾಲರಿಗೆ ಹೊಲಿಯೋ ಅಳತಿ ಚೀಟಿ ಕೊಟ್ಟು ಅಂದ್ಳು, "ಎಪ್ಪಾ, ಇದು ಎಲ್. ಲಾರ್ಜ್ ಅಂತ ಇಂಗ್ಲಿಷ್ ಮಾತು. ಮದಲ ಧಾರಾಳ ಅಂತ ಅರ್ಥ ಇತ್ತಂತ, ಸಾಲಿ ಮಾಸ್ತರು ಹೇಳ್ಯಾರ. ಈಗ ದೊಡ್ಡದು ಅಂತ. ದೊಡ್ಡದಕ್ಕ ಹಚ್ಚು."

ಹಚ್ಚಿದ! ಹೊದಿಯೋ ಕೌದಿಗೆ ಹಚ್ಚಿದ, ಜ್ವಾಳದ ಚೀಲಕ್ಕ ಹಚ್ಚಿದ, ಬಾಗಲ ಪರದೆಗೂ ಹಚ್ಚಿದ.

"ಅಯ್ಯ ನನ್ನ ಹಣೇಬರಾ! ಅಂಗಿಗೆ ಹಚ್ಚೋ, ಅಂಗಿಗೆ!"

"ಹೂಂ ಬೇ."

ಮರುದಿನ ಅಂಗಿಗೇ ಹಚ್ಚಿದ. ತೊಟ್ಟಿಲ ಕೂಸಿನ ಅಂಗಿಗೂ ಬಿಡಲಿಲ್ಲ.

"ಇದು ದೊಡ್ಡದೇನೋ?"

"ಬೊಂಬಿಗೆ ದೊಡ್ಡದಲ್ಲೇನಬೇ?"

"ಬೊಂಬಿ ತೊಡತೈತೇನೋ ಪೆದ್ದಾ! ತೊಡೋ ಮನಿಷ್ಯಾನ್ನ ನೋಡು. ದಪ್ಪ ಇದ್ರ ಹಚ್ಚು!"

"ಹೂಂ ಬೇ."

ಅವತ್ತ ಹೆಣ್ಣಿನಪ್ಪ ಯಮನೂರಪ್ಪ ವರಾ ನೋಡಾಕ ಬಂದ. ಬಾಗಲಾ ತುಂಬೋ ಆಳು! ಅವ ಚಾ ಕುಡಿಯೂದ್ರಾಗ ಗುದ್ನೆಪ್ಪ ಹಿಂದ ಕುಂತು ಕಾಲರಿಗೆ ಚೀಟಿ ಹೊಲದ. ಕಡೇ ಗಂಟು ಹಾಕೂಮುಂದ ಸೂಜಿ ಕುತ್ತಿಗಿಗೆ ಚುಚ್ಚಿತು. "ಯಪ್ಪೋ!" ಅಂತ ಅವ ಎದ್ದು ನಡದ.

ಹುಲಿಗೆವ್ವ ಅಳಾಕ ಹತ್ತಿದ್ಳು. "ಬಂದ ಹೆಣ್ಣು ಹೋತಲ್ಲೋ! ಕೇಳಲಾರದ ಯಾರ ಮೈಮ್ಯಾಗೂ ಏನೂ ಹಾಕಬ್ಯಾಡ. ಮದಲ ಕೇಳು!"

"ಹೂಂ ಬೇ. ಕಣ್ಣೀರು ಒರಸಲೇನು?"

ಅಕಿಗೆ ಅಳೂದ್ರಾಗ ನಗಿ ಬಂತು. ಏನ್ ಮಾಡ್ತೀರಿ, ಹೆತ್ತ ಕರಳು.

ಅತ್ತ ಯಮನೂರಪ್ಪ ಚೀಟಿ ಜಗ್ಗಿದ. ಅರಿವಿ ಹರೀತು, ಹೊಲಿಗಿ ಬಿಚ್ಚವಲ್ದು! "ಇಂಥಾ ಕೈ ಇದ್ದಾವ ಹೆಂಡ್ತೀನ ಉಪವಾಸ ಕೆಡವಂಗಿಲ್ಲ" ಅಂತ ಮಗಳು ನೀಲವ್ವನ್ನ ಕೊಡಾಕ ಒಪ್ಪಿದ. ನೀಲವ್ವನ್ನ ಯಾರೂ ಕೇಳಲಿಲ್ಲ.

ಮದುವಿ ದಿನ ಬಾಜಾ ಬಜಂತ್ರಿ ಜೋರು. ಗುದ್ನೆಪ್ಪ ತಾಳಿ ಹಿಡದು ನಿಂತ, ನಿಂತೇ ಬಿಟ್ಟ.

"ಕಟ್ಟೋ!" ಅಂದ್ಳು ಅವ್ವ.

"ತಡೀಬೇ, ಮದಲ ಕೇಳಬೇಕು. ನೀಲವ್ವಾ, ಕಟ್ಟಲೇನು?"

ಬಾಜಾ ನಿಂತವು. ಹುಲಿಗೆವ್ವ 'ಮತ್ತ ಹೋತು!' ಅಂದ್ಕೊಂಡ್ಳು.

ನೀಲವ್ವನ ಕಣ್ಣು ತುಂಬಿದ್ವು. ಹುಟ್ಟಿದಾಗಿಂದ ಅಕಿನ್ನ ಯಾರೂ ಏನೂ ಕೇಳಿರಲಿಲ್ಲ. "ಕಟ್ರಿ" ಅಂದ್ಳು.

ಕಟ್ಟಿದ. ಮಂದಿ ಹೋ ಅಂತ ಅಕ್ಕಿಕಾಳು ಎರಚಿದ್ರು. ಗುದ್ನೆಪ್ಪಗ ಸಿಟ್ಟು ಬಂತು.

"ಏ, ನಮ್ಮ ಮೈಮ್ಯಾಗ ಹಾಕೂಮುಂದ ನಮ್ಮನ್ನ ಕೇಳಿದ್ರೇನು?"

ಅಂದಾವನೇ ಕೆಳಗ ಬಗ್ಗಿ ಒಂದೊಂದ ಕಾಳು ಆರಿಸಿ ಮಂದಿಗೆ ವಾಪಸ್ ಕೊಡಾಕ ಹತ್ತಿದ. ನೀಲವ್ವನೂ ಸೆರಗು ಒಡ್ಡಿ ಅವನ ಜೋಡಿ ಆರಿಸಾಕ ಕುಂತಳು.